ಚಾಂಪಿಯನ್ ರೀಫ್ಸ್‌ನ ಹದಿನಾಲ್ಕು ಗೌಜಲಹಕ್ಕಿಗಳು

2022ರ ಜನವರಿ. ನಿವೃತ್ತಿಗೆ ಐದು ತಿಂಗಳು ಬಾಕಿ ಇತ್ತು. ಆಗ ನಾನು ಒಂದು ಸಂಶೋಧನಾ ಸಂಸ್ಥೆಯ ಕ್ಷೇತ್ರ ಮೇಲ್ವಿಚಾರಕಿ. ಬಂಗಾರಪೇಟೆಯ ಮಾರ್ಕೆಟ್ಟಿನ ಹಿಂದಿದ್ದ ಬಾಡಿಗೆ ಕೋಣೆಯೇ ಆಫೀಸು. ಕೋಲಾರದ ಕಡೆಯ ಕುರುಚಲು ಕಾಡು ಎಷ್ಟು ಆರೋಗ್ಯವಾಗಿದೆ ಎಂದು ತಿಳಿಯುವುದು ನಮ್ಮ ಕೆಲಸ. ಗಿಡ, ಹುಳ, ಪ್ರಾಣಿ ಎಲ್ಲವನ್ನೂ ಎಣಿಸಲು ನಮಗೆ ಜನವೂ ಇರಲಿಲ್ಲ, ಸಮಯವೂ ಇರಲಿಲ್ಲ. ಅದಕ್ಕೆ ಒಂದೇ ಹಕ್ಕಿಯನ್ನು ಆರಿಸಿಕೊಂಡೆವು, ಗೌಜಲಹಕ್ಕಿ. ಅದಕ್ಕೆ ಅಡಗಲು ಮುಳ್ಳುಪೊದೆ ಬೇಕು, ತಿನ್ನಲು ಹುಲ್ಲಿನ ಬೀಜ ಮತ್ತು ಗೆದ್ದಲು ಬೇಕು, ಮೊಟ್ಟೆಯಿಡಲು ತುಳಿತವಿಲ್ಲದ ನೆಲ ಬೇಕು. ಅದು ಸುಖವಾಗಿದ್ದರೆ ಉಳಿದವೂ ಸುಮಾರಾಗಿ ಸುಖವಾಗಿವೆ ಎಂದು ಲೆಕ್ಕ. ಇಂಥದ್ದನ್ನು ಇಂಡಿಕೇಟರ್ ಸ್ಪೀಶೀಸ್, ಅಂದರೆ ಸೂಚಕ ಪ್ರಭೇದ ಎನ್ನುತ್ತಾರೆ. ಹಕ್ಕಿ ಕಣ್ಣಿಗೆ ಬೀಳುವುದು ಕಡಿಮೆ. ಬೆಳಗ್ಗೆ ಹತ್ತು ನಿಮಿಷದಲ್ಲಿ ಅದರ ಕೂಗು ಎಷ್ಟು ಸಲ ಕೇಳಿತು ಎಂದು ಎಣಿಸಬೇಕು.

ಹಳೆಯ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್, ಅದರ ಆಚೆಯ ಪೊದೆಕಾಡಿನಲ್ಲಿ ಎಣಿಸಲು ಮುನಿರತ್ನಮ್ಮ ಎಂಬಾಕೆಯನ್ನು ನೇಮಿಸಿಕೊಂಡಿದ್ದೆ. ಪಕ್ಕದ ಹಳ್ಳಿಯಾಕೆ, ಮೇಕೆ ಸಾಕಿದವರು, ಏಳನೇ ತರಗತಿವರೆಗೆ ಓದಿದ್ದವರು. ವಾರಕ್ಕೊಮ್ಮೆ ಅವರ ಹಾಳೆ ನನ್ನ ಮೇಜಿಗೆ ಬರುತ್ತಿತ್ತು. ಡಿಸೆಂಬರಿನಲ್ಲಿ ನಾಲ್ಕು, ಮೂರು, ನಾಲ್ಕು ಎಂದಿದ್ದ ಅಂಕಿ ಜನವರಿಯಲ್ಲಿ ಇದ್ದಕ್ಕಿದ್ದಂತೆ ಹನ್ನೊಂದಾಯಿತು. ಮುಂದಿನ ವಾರ ಹದಿಮೂರು. ಅದರ ಮುಂದಿನ ವಾರ ಹದಿನಾಲ್ಕು.

ನನ್ನದು ಮೊದಲೇ ಅನುಮಾನದ ಬುದ್ಧಿ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಹಾಲಿನವನ ಅಳತೆಯನ್ನೂ ಬಗ್ಗಿ ನೋಡುವವಳು ನಾನು. ಹುಲ್ಲು ಒಣಗಿ ನಿಂತ ಕಾಲದಲ್ಲಿ ಹಕ್ಕಿ ಮೂರು ಪಟ್ಟು ಹೆಚ್ಚುವುದೆಂದರೇನು? ಈಕೆ ಮನೆಯ ಜಗಲಿಯಲ್ಲಿ ಕೂತು ಬಾಯಿಗೆ ಬಂದ ಅಂಕಿ ಬರೆಯುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಜನವರಿಯ ಪ್ರತಿ ಅಂಕಿಯ ಮುಂದೆ 'ದೀ' ಎಂಬ ಅಕ್ಷರವೂ ಇತ್ತು. ಕೂಗು ಉದ್ದವಾಗಿದ್ದರೆ ಗುರುತು ಹಾಕಿ ಎಂದು ತರಬೇತಿಯಲ್ಲಿ ನಾನೇ ಹೇಳಿದ್ದೆ. ದೀರ್ಘ ಕೂಗಂತೆ! ಸುಳ್ಳಿಗೆ ಒಗ್ಗರಣೆ ಬೇರೆ ಎಂದು ಸಿಟ್ಟು ಬಂತು. ಬೆಂಗಳೂರಿನ ಮುಖ್ಯಸ್ಥರಿಗೆ ಫೋನು ಮಾಡಿದೆ. "ಖಚಿತವಾದರೆ ಆಕೆಯನ್ನು ಕೆಲಸದಿಂದ ತೆಗೆಯಿರಿ," ಅಂದರು.

ಮುನಿರತ್ನಮ್ಮನಿಗೆ ತಿಳಿಸದೆ ಒಂದು ಮುಂಜಾನೆ ಮಾರಿಕುಪ್ಪಂ ರೈಲು ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆ. ಗಣಿಯ ಬೂದುಮಣ್ಣಿನ ದಿಬ್ಬ ದಾಟಿ ಪೊದೆಗಳ ಕಡೆ ನಡೆಯುವಷ್ಟರಲ್ಲಿ ಕೂಗು ಶುರುವಾಯಿತು. ಒಂದಲ್ಲ, ಎರಡಲ್ಲ. ಹತ್ತು ನಿಮಿಷದಲ್ಲಿ ಹದಿನಾಲ್ಕು ಕೂಗು ಎಣಿಸಿದೆ. ಅಯ್ಯೋ ಶಿವನೇ, ಆಕೆ ಬರೆದದ್ದು ನಿಜ! ನಾಚಿಕೆಯಿಂದ ಮುಖ ಬಿಸಿಯಾಯಿತು.

ಆದರೂ ಏನೋ ಸರಿಯಿಲ್ಲ ಅನಿಸಿತು. ಗೌಜಲಹಕ್ಕಿ ಒಂದು ಕಡೆ ಕೂಗಿದರೆ ಇನ್ನೊಂದು ಕಡೆಯಿಂದ ಉತ್ತರ ಬರಬೇಕು. ಇಲ್ಲಿ ಅಷ್ಟೂ ಕೂಗು ಒಂದೇ ಜಾಲಿಯ ಬುಡದಿಂದ ಬರುತ್ತಿತ್ತು. ಅತ್ತ ಹೋಗುತ್ತಿದ್ದಂತೆ ಹಿಂದಿನಿಂದ ಮೇಕೆಗಳ ಸದ್ದು. ಮುನಿರತ್ನಮ್ಮ.

"ಏನ್ ಮೇಡಮ್ಮೋರೆ, ಏಳ್ದೆ ಕೇಳ್ದೆ ಬಂದ್ಬುಟ್ರಿ? ಅತ್ಲಾಗ್ ಓಗ್ಬೇಡಿ, ನೆಲದ ತುಂಬ ಉರುಳು ಕಟ್ಟವ್ರೆ."

ಬಗ್ಗಿ ನೋಡಿದೆ. ಬಟ್ಟೆ ಹೊದಿಸಿದ ಎರಡು ಬಿದಿರಿನ ಪಂಜರಗಳು. ಸುತ್ತ ಕೂದಲೆಳೆಯಂಥ ಉರುಳುಗಳು.

"ಇದೇನು ಮುನಿರತ್ನಮ್ಮ?"

"ದೀಮ. ಬರ್ದಿದ್ನಲ್ಲ, ದೀ ಅಂತ."

ನನ್ನೂರು ಹಾಸನದ ಕಡೆ. ದೀಮ ಎಂಬ ಮಾತೇ ನನಗೆ ಗೊತ್ತಿರಲಿಲ್ಲ. ಬೇಟೆಯವರು ಸಾಕಿದ ಗಂಡು ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸುತ್ತಾರೆ. ಯಾವನೋ ನನ್ನ ಜಾಗಕ್ಕೆ ಬಂದ ಎಂದು ಕಾಡಿನ ಗಂಡು ಜಗಳಕ್ಕೆ ನುಗ್ಗಿ ಉರುಳಿಗೆ ಬೀಳುತ್ತದೆ. ಆ ಮೋಸದ ಹಕ್ಕಿಯೇ ದೀಮ. ತೆಲುಗಿನ ಮಾತು, ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಕೂಗು ಹೆಚ್ಚಾದಷ್ಟೂ ಕಾಡಿನಲ್ಲಿ ಹಕ್ಕಿ ಕಡಿಮೆಯಾಗುತ್ತಿತ್ತು. ನಮ್ಮ ಸೂಚಕ ತಲೆಕೆಳಗಾಗಿ ನಿಂತಿತ್ತು, ಅದನ್ನು ಆಕೆ ಪ್ರತಿ ವಾರ ಬರೆದು ಕಳಿಸಿದ್ದರು.

"ಫೋನ್ ಮಾಡಿ ಹೇಳಬಾರದಿತ್ತಾ?" ಎಂದೆ. ದನಿ ನನಗೇ ಒರಟಾಗಿ ಕೇಳಿತು.

"ಎಂಗ್ ಏಳ್ಲಿ? ಉರುಳು ಕಟ್ಟಿರೋರು ನಮ್ಮ ಬೀದಿಯೋರೇ. ಗೋಡೆಗೂ ಕಿವಿ ಇರ್ತೈತೆ. ಹಾಳೆ ಆದ್ರೆ ನಿಮ್ ಕೈಗೇ ಬತ್ತೈತಲ್ಲ ಅಂತ ಬರ್ದೆ."

ಇನ್ನು ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. "ನೀವು ಸುಳ್ಳು ಲೆಕ್ಕ ಬರೀತಿದ್ದೀರಿ ಅಂದುಕೊಂಡೆ. ಕೆಲಸದಿಂದ ತೆಗೆಯೋಕೇ ಬಂದೆ," ಎಂದು ಹೇಳಿಬಿಟ್ಟೆ.

ಆಕೆ ಸಿಟ್ಟಾಗಲಿಲ್ಲ. ಒಂದು ಗಳಿಗೆ ನನ್ನ ಮುಖ ನೋಡಿ ನಕ್ಕರು. "ಅನುಮಾನಂ ಪೆದ್ದ ರೋಗಂ ಅಂತಾರೆ ನಮ್ ಕಡೆ, ಅನುಮಾನಾನೇ ದೊಡ್ ರೋಗ ಅಂತ. ನಂಗೂ ಬಂದಿತ್ತು ಬುಡಿ. ಮೂರ್ ವಾರ ಬರ್ದ್ರೂ ನೀವು ತುಟಿಪಿಟಕ್ ಅನ್ಲಿಲ್ಲ. ಮೇಡಮ್ಮೋರೂ ಅವ್ರ ಕಡೆಯೋರೇ ಅಂದ್ಕಂಡೆ."

ಆ ನಗು ಇವತ್ತಿಗೂ ಚುಚ್ಚುತ್ತದೆ. ಅಂದೇ ಅರಣ್ಯ ಸಿಬ್ಬಂದಿಗೆ ತಿಳಿಸಿದೆ. ಆಕೆಯ ಹೆಸರು ಎಲ್ಲೂ ಬರದಂತೆ ನೋಡಿಕೊಂಡೆ. ಅವರು ಬಂದು ಪಂಜರ, ಉರುಳು ಎಲ್ಲ ಹೊತ್ತೊಯ್ದರು. ವರದಿಯಲ್ಲಿ ಜನವರಿಯ ಅಂಕಿಗಳನ್ನು ಹೊಡೆದುಹಾಕಿ, ತಪ್ಪು ನನ್ನದು, ಎಣಿಸಿದವರದಲ್ಲ ಎಂದು ಬರೆದು ಸಹಿ ಮಾಡಿದೆ. ಮುಖ್ಯಸ್ಥರು ಆ ಸಾಲು ಬೇಡವೆಂದರು. ನಾನು ತೆಗೆಯಲಿಲ್ಲ.

ಮೂವತ್ತು ವರ್ಷ ಹಕ್ಕಿಗಳ ಹಿಂದೆ ತಿರುಗಿದವಳಿಗೆ ಕೆಲಸ ಕಲಿಸಿದ್ದು ಆ ಒಂದಕ್ಷರ. ಅನುಮಾನ ನಮ್ಮ ವೃತ್ತಿಗೆ ಬೇಕು, ಈಗಲೂ ಹಾಗೇ ಹೇಳುತ್ತೇನೆ. ಆದರೆ ಅನುಮಾನ ಬಂದ ದಿನವೇ ಎದ್ದು ಹೋಗಿ ಎದುರಿಗಿರುವವರನ್ನು ಕೇಳಬೇಕು. ನಾನು ಮೂರು ವಾರ ಮೇಜಿನ ಮುಂದೆ ಕೂತು ಮುನಿರತ್ನಮ್ಮನನ್ನು ಅನುಮಾನಿಸಿದೆ. ಆಕೆಯ ಕೆಲಸವೇನೋ ಉಳಿಯಿತು, ಕಾಡಿನ ಹಕ್ಕಿಗಳು ಉಳಿಯಲಿಲ್ಲ. ಫೆಬ್ರವರಿಯ ನಾಲ್ಕೂ ಹಾಳೆಗಳಲ್ಲಿ ಆಕೆ ಬರೆದದ್ದು ಸೊನ್ನೆ.