ಇಲ್ಲದ ಅರಸಿ

ನಾನು ಕಾಲೇಜಿಗೆ ಹೋಗುವುದು ಆಗುವ ಮಾತಲ್ಲ ಎಂದವರು ನಮ್ಮ ದೊಡ್ಡಪ್ಪ. ಪ್ಲಸ್ ಟೂ ಫಲಿತಾಂಶ ಬಂದ ದಿನ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು ತಲೆ ಎತ್ತದೆ ಹೇಳಿದರು: "ನಮ್ಮ ವಂಶದಾಗೆ ನೂಲು ನಿಲ್ಲುತ್ತೆ ಅಮ್ಮಣಿ, ಎಳುತ್ತು ನಿಲ್ಲಲ್ಲ. ನಾನು ಐದು, ನಿಮ್ಮಪ್ಪ ಎಂಟು. ನೀನು ಹನ್ನೆರಡು ತನಕ ಬಂದದ್ದೇ ಜಾಸ್ತಿ."

ಎಳುತ್ತು ಎಂದರೆ ಅಕ್ಷರ. ನಮ್ಮ ಕನ್ನಡದಲ್ಲಿ ಅರ್ಧ ಪಾಲು ತಮಿಳು. ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಬೀದಿ. ಎಲ್ಲವೂ ನೇಯುವ ಮನೆಗಳು. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈಗ ಬರೆಯುತ್ತಿರುವ ಈ ಕನ್ನಡ ಲಿಪಿಯನ್ನು ನಾನು ಕಲಿತದ್ದೇ ಡಿಗ್ರಿ ಮುಗಿದ ಮೇಲೆ.

ದೊಡ್ಡಪ್ಪ ಕೆಟ್ಟವರೇನಲ್ಲ. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಹೆಂಡತಿಯಿಲ್ಲದ, ಮಕ್ಕಳಿಲ್ಲದ ದೊಡ್ಡಪ್ಪ ಅಮ್ಮನನ್ನೂ ನನ್ನನ್ನೂ ತಮ್ಮ ಮನೆಗೆ ಕರೆತಂದರು. ಅಂದಿನಿಂದ ಅವರು ನೇಯುವುದು, ಅಮ್ಮ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುವುದು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂರುವ ನೂಲಿನ ಸಣ್ಣ ಸುರುಳಿ. ಅದು ತೀರಿದಾಗ ದೊಡ್ಡಪ್ಪ ಬಾಯಿ ಬಿಟ್ಟು ಕೇಳುತ್ತಿರಲಿಲ್ಲ. ಲಾಳಿಯಿಂದ ಮಗ್ಗದ ಮರಕ್ಕೆ ಎರಡು ಸಲ ತಟ್ಟುತ್ತಿದ್ದರು. ಅಮ್ಮ ಒಲೆಯ ಮುಂದಿದ್ದರೂ ಎದ್ದು ಬಂದು ಕೊಡುತ್ತಿದ್ದಳು.

ಅವರು ನನ್ನನ್ನು ಕಾಲೇಜಿಗೆ ಕಳಿಸಿದ್ದು ಒಂದು ಪದವನ್ನು ತಪ್ಪಾಗಿ ತಿಳಿದುಕೊಂಡದ್ದರಿಂದ. ಕೊಯಮತ್ತೂರಿನ ಕಾಲೇಜಿನಲ್ಲಿ ನನಗೆ ಸಿಕ್ಕಿದ ಸೀಟು ಸಮಾಜಶಾಸ್ತ್ರದ್ದು. ತಮಿಳಿನಲ್ಲಿ ಅದಕ್ಕೆ ಸಮೂಗವಿಯಲ್ ಎನ್ನುತ್ತಾರೆ. ಸಮೂಗಂ ಎಂದರೆ ಪುಸ್ತಕದಲ್ಲಿ ಸಮಾಜ. ನಮ್ಮ ಬೀದಿಯಲ್ಲಿ ಮಾತ್ರ ಅದಕ್ಕೆ ನಮ್ಮ ಜಾತಿಯವರು ಎಂದೇ ಅರ್ಥ. "ಯಾವ ಸಮೂಗ?" ಎಂದು ಕೇಳಿಯೇ ನಮ್ಮಲ್ಲಿ ಹೆಣ್ಣು ಗಂಡಿನ ಮಾತು ಶುರುವಾಗುವುದು.

ಸಮೂಗವಿಯಲ್ ಎಂದು ನಾನು ಹೇಳುತ್ತಲೇ ದೊಡ್ಡಪ್ಪನ ಕೈ ನಿಂತಿತು. "ನಮ್ಮ ಸಮೂಗದ ಬಗ್ಗೆ ಕಾಲೇಜಲ್ಲೇ ಪಾಠ ಐತಾ?"

ಇಲ್ಲ ಎನ್ನಬೇಕಿತ್ತು. "ಹೂಂ ದೊಡ್ಡಪ್ಪ" ಎಂದೆ.

"ಹಂಗಿದ್ರೆ ಓದು. ನಮ್ಮ ಸಂಘದಾಗೆ ಬರೆಯೋಕೆ ಬರೋರು ಒಬ್ಬರೂ ಇಲ್ಲ."

ಆ ಒಂದು ಹೂಂ ಮೂರು ವರ್ಷ ನನ್ನನ್ನು ಒಂದೆಡೆ ಕೂರಲು ಬಿಡಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿದರೂ ನಿಂತೇ ಹೋಗುತ್ತಿದ್ದೆ. ತರಗತಿಯಲ್ಲಿ ಮೇಡಂ ಹುಟ್ಟಿನಿಂದ ಬರುವ ಸ್ಥಾನ, ದುಡಿದು ಪಡೆಯುವ ಸ್ಥಾನ ಎಂದು ಬೋರ್ಡಿನ ಮೇಲೆ ಎರಡು ಕಾಲಂ ಎಳೆದರೆ ನಾನು ನನ್ನ ಹೆಸರನ್ನು ಯಾವ ಕಾಲಮ್ಮಿಗೆ ಹಾಕುವುದೆಂದು ಒದ್ದಾಡುತ್ತಿದ್ದೆ. ಒಳಗುಂಪು, ಹೊರಗುಂಪು ಎಂದ ದಿನ ಪಕ್ಕದವಳು ಕೇಳಿದಳು: "ನೀನು ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವುದು ತೆಲುಗಾ?" ಇನ್ನೊಬ್ಬರ ಕಣ್ಣನ್ನೇ ಕನ್ನಡಿ ಮಾಡಿಕೊಂಡು ನಾವು ನಮ್ಮನ್ನು ನೋಡಿಕೊಳ್ಳುತ್ತೇವೆ ಎಂಬ ಪಾಠ ಬಂದಾಗ ಮಾತ್ರ ನನಗೆ ವಿವರಣೆ ಬೇಕಾಗಲಿಲ್ಲ.

ಸಂಜೆ ಮನೆಗೆ ಬಂದರೆ ದೊಡ್ಡಪ್ಪ ಕಾಯುತ್ತಿದ್ದರು. "ಇವತ್ತು ನಮ್ಮ ಸಮೂಗದ ಬಗ್ಗೆ ಏನಂದ್ರು?"

ಸಮಾಜ ಒಂದು ದೇಹದ ಹಾಗೆ, ಪ್ರತಿ ಅಂಗಕ್ಕೂ ಅದರದೇ ಕೆಲಸ ಎನ್ನುವ ಸಿದ್ಧಾಂತವನ್ನು ಹೇಳಿದೆ. ಅವರಿಗೆ ಬಹಳ ಹಿಡಿಸಿತು. "ಮಗ್ಗವೂ ಹಂಗೇ ತಾನೇ. ಎಳೆ ಎಳೆಯ ಜಾಗದಾಗೆ ಇದ್ರೆ ಸೀರೆ." ಮಾರನೆಯ ವಾರ ಇನ್ನೊಂದು ಸಿದ್ಧಾಂತ ಬಂತು. ಎಲ್ಲ ಸರಿಯಾಗಿ ನಡೆಯುತ್ತಿದೆ ಎಂದು ಹೇಳುವವನು ಯಾರು, ಅವನು ಎಲ್ಲಿ ಕೂತಿದ್ದಾನೆ, ಲಾಭ ಯಾರಿಗೆ ಎಂದು ಕೇಳುವ ಸಿದ್ಧಾಂತ. ಅದನ್ನು ಅವರಿಗೆ ಹೇಳಲಿಲ್ಲ.

ಮೂರನೆಯ ವರ್ಷ ಪ್ರಾಜೆಕ್ಟ್. ಅದನ್ನು ಒಪ್ಪಿಸದಿದ್ದರೆ ಡಿಗ್ರಿ ಇಲ್ಲ. ನಾನು ನಮ್ಮ ಬೀದಿಯನ್ನೇ ಆರಿಸಿಕೊಂಡೆ. ಫಾರಂನಲ್ಲಿ ಮನೆಯ ಪ್ರತಿಯೊಬ್ಬರ ಉದ್ಯೋಗ ಬರೆಯಬೇಕು, ಕೆಳಗೆ ಮನೆಯವರ ಸಹಿ. ನಮ್ಮ ಮನೆಯಿಂದಲೇ ಶುರುಮಾಡಿದೆ. ದೊಡ್ಡಪ್ಪ: ನೇಯ್ಗೆ. ಅಮ್ಮ: ಇಲ್ಲತ್ತರಸಿ.

ತಮಿಳಿನಲ್ಲಿ ಇಲ್ಲಂ ಎಂದರೆ ಮನೆ. ಇಲ್ಲತ್ತರಸಿ, ಮನೆಯ ಅರಸಿ. ಸಂಬಳದ ಕೆಲಸವಿಲ್ಲದ ಹೆಂಗಸಿಗೆ ಫಾರಂಗಳು ಕೊಟ್ಟಿರುವ ಮರ್ಯಾದೆಯ ಹೆಸರು. ಬರೆದದ್ದನ್ನು ಓದಿ ಹೇಳಿದಾಗ ಅಮ್ಮ ರಾಟೆ ನಿಲ್ಲಿಸದೆ ನಕ್ಕಳು. "ಏನು, ಇಲ್ಲದ ಅರಸಿಯಾ? ಬರ್ಕೋ. ಅರಮನೆ ಇಲ್ಲ, ಅರಸಿಯೂ ಇಲ್ಲ."

ಅವಳು ತಮಾಷೆಗೆ ಅಂದದ್ದು. ನಾನೂ ನಕ್ಕೆ. ಆದರೆ ಮೇಡಂ ಫಾರಂ ನೋಡಿ, ಆ ಸಾಲಿನ ಕೆಳಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, "ಇವರು ಬೆಳಗ್ಗೆಯಿಂದ ಏನು ಮಾಡುತ್ತಾರೆ?" ಎಂದು ಕೇಳಿದಾಗ ನಗು ಬರಲಿಲ್ಲ. "ಸುಮ್ಮನೆ ಮನೆಯಲ್ಲಿರುತ್ತಾರೆ ಮೇಡಂ, ಕಂಡಿಕೆ ಸುತ್ತುತ್ತಾರೆ." ಹೇಳಿದ ಮೇಲೆ ನನ್ನ ಕಿವಿಗೇ ಅದು ವಿಚಿತ್ರವಾಗಿ ಕೇಳಿತು. ಸುಮ್ಮನೆ ಇರುತ್ತಾರೆ, ಕಂಡಿಕೆ ಸುತ್ತುತ್ತಾರೆ.

ಮರುದಿನ ಕಾಲೇಜಿಗೆ ಹೋಗಲಿಲ್ಲ. ನೋಟ್‌ಬುಕ್ ಹಿಡಿದು ಅಮ್ಮನ ಹಿಂದೆ ಹಿಂದೆ ತಿರುಗಿದೆ.

"ಏನೇ ಇದು, ಪೊಲೀಸ್ ಮಾದರಿ?" ಎಂದಳು.

ಆ ಫಾರಂ, ಅದರ ಜೊತೆಗಿನ ವರದಿ ಎರಡನ್ನೂ ಹರಿದು ಹಾಕಿ ಹೊಸದಾಗಿ ಬರೆದೆ. ಅಮ್ಮನ ಹೆಸರಿನ ಮುಂದೆ ನೇಯ್ಗೆ ಎಂದು ಹಾಕಿದೆ. ಒಂದು ಮಗ್ಗವನ್ನು ನಡೆಸುವುದು ಇಬ್ಬರು, ನಮ್ಮ ಬೀದಿಯಲ್ಲಿ ಲೆಕ್ಕಕ್ಕೆ ಬರುವುದು ಒಬ್ಬರು ಎಂದೂ ಬರೆದೆ.

ಕೈಯೆಳುತ್ತಿಗೆ, ಅಂದರೆ ಸಹಿಗೆ, ಎಂದು ಕೊಟ್ಟಾಗ ದೊಡ್ಡಪ್ಪ ಓದಲು ಹೇಳಿದರು. ಓದಿದೆ.

"ಒಂದು ಮಗ್ಗಕ್ಕೆ ಎಷ್ಟು ಆಳು ಅಂದೆ?"

"ಇಬ್ಬರು ದೊಡ್ಡಪ್ಪ."

"ಗುಂಡಿ ಒಂದೇ ತಾನೇ ಐತೆ?"

"ಕಂಡಿಕೆ ನಿಂತ್ರೆ ಗುಂಡಿಯೂ ನಿಲ್ಲುತ್ತೆ ತಾನೇ?"

"ದೀಪಕ್ಕೆ ಎಣ್ಣೆ ಹಾಕೋಳು ದೀಪ ಆಗ್ತಾಳಾ?" ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳ ಮೇಲೆ ಕೈಯಾಡಿಸಿದರು. ಆಮೇಲೆ ದನಿ ತಗ್ಗಿತು. "ಸಮೂಗದ ನಾಲ್ಕು ಜನ ಇದನ್ನ ಓದಿದ್ರೆ ಏನಂತಾರೆ? ತಮ್ಮನ ಹೆಂಡ್ತಿಗೆ ಜಾಗ ಕೊಟ್ಟು ಕಾಸಿಲ್ಲದೆ ಸುಮ್ಮ ದುಡಿಸ್ಕೊಂಡ ಅಂತಾರೆ. ಅದನ್ನ ಅಳಿಸಿ ತಾ, ಕೈಯೆಳುತ್ತು ಹಾಕ್ತೀನಿ."

ಅವರಿಗೆ ನೋವಾಗಿತ್ತು, ನನಗೆ ಕಂಡಿತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. "ಅದು ನಮ್ಮ ಸಮೂಗದ ಓದೇ ಅಲ್ಲ ದೊಡ್ಡಪ್ಪ. ಇಡೀ ಲೋಕದ್ದು. ಮೊದಲಿಂದಲೂ."

"ಮೂರು ವರ್ಷವಾ?"

"ಮೂರು ವರ್ಷ."

"ಒಂದು ಎಳೆ ಹರೀದಂಗೆ ಸುಳ್ಳು ನೇದಿದ್ದೀಯ. ಮಗ್ಗಕ್ಕೆ ಬಂದಿದ್ರೆ ನನ್ನನ್ನೇ ಮೀರಿಸ್ತಿದ್ದೆ." ಕಾಗದವನ್ನು ನನ್ನ ಕಡೆ ತಳ್ಳಿ ಲಾಳಿ ಎಸೆದರು. ಅಂದಿನಿಂದ ನನ್ನೊಂದಿಗೆ ಮಾತು ಬಿಟ್ಟರು.

ಒಪ್ಪಿಸಲು ನಾಲ್ಕು ದಿನವಿತ್ತು. ಮೇಡಂ ಹತ್ತಿರ ಓಡಿದೆ. ಮನೆಯ ಯಜಮಾನರೇ ಆಗಬೇಕೆಂದಿಲ್ಲ, ಯಾರ ಕೆಲಸದ ಬಗ್ಗೆ ಬರೆದಿದ್ದೀಯೋ ಅವರು ಸಹಿ ಮಾಡಿದರೂ ಸಾಕು ಎಂದರು. ಉಳಿದದ್ದು ಅಮ್ಮ.

"ಬಾವನೋರು ಬೇಡ ಅಂದದ್ದಕ್ಕೆ ನಾ ಕೈಯೆಳುತ್ತು ಹಾಕೋದಾ?" ಎಂದಳು ಮೊದಲ ದಿನ. ಎರಡನೆಯ ದಿನ, "ಸುಮ್ಮ ಇರೋಳ ಕೈಯೆಳುತ್ತು ಯಾರಿಗೆ ಬೇಕು?" ಮೂರನೆಯ ದಿನ ಕಾಗದ ಚಾಚಿದರೆ ರಾಟೆಯನ್ನು ಇನ್ನೂ ಜೋರಾಗಿ ತಿರುಗಿಸಿದಳು. ನಾನು ಒಳಗೂ ಹೊರಗೂ ನಡೆದೆ. ಅಳಿಸಿಬಿಡಲೇ ಎಂದು ರಬ್ಬರ್ ಹುಡುಕಿದೆ. ಪೆನ್ನಿನಲ್ಲಿ ಬರೆದದ್ದು ರಬ್ಬರಿಗೆ ಹೋಗುವುದಿಲ್ಲ ಎಂಬುದೂ ನೆನಪಿರಲಿಲ್ಲ. ಒಂದು ಪದ ತಿದ್ದಿದರೆ ಡಿಗ್ರಿ ಬರುತ್ತದೆ. ಆದರೆ ಆ ಡಿಗ್ರಿಯೊಳಗೆ ಅಮ್ಮ ಇಲ್ಲದ ಅರಸಿಯಾಗಿಯೇ ಉಳಿಯುತ್ತಾಳೆ.

ನಾಲ್ಕನೆಯ ಬೆಳಗ್ಗೆ ಬಸ್ಸಿಗೆ ಹೊರಟವಳನ್ನು ಅಮ್ಮ ಕರೆದಳು. "ಏನು ಬರ್ದಿದ್ದೀಯ, ಓದು ನೋಡೋಣ."

ಬಾಗಿಲಲ್ಲಿ ನಿಂತೇ ಓದಿದೆ. ರಾಟೆ ತಿರುಗುತ್ತಲೇ ಇತ್ತು. ಮುಗಿಸಿದ ಮೇಲೆ ಅಮ್ಮ ಅಂದಳು: "ತಪ್ಪು."

ನಾನು ಮತ್ತೆ ಕಾಗದ ನೋಡಿದೆ.

"ಹಾಸಿನ ಎಳೆಗೆ ಗಂಜಿ ಹಾಕೋದು ಎಲ್ಲಿ? ಬೀದೀಲಿ ಹಾಸು ಎಳೆದು ಕಟ್ಟಿದಾಗ ಆ ಕೊನೆ ಹಿಡಿಯೋರು ಯಾರು? ಹೊಸ ಹಾಸು ಬಂದ್ರೆ ಹಳೇ ಎಳೆಗೆ ಹೊಸ ಎಳೆ ಹೊಸೆದು ಕೂಡಿಸೋದು ಯಾರು, ನಿಮ್ಮ ಮೇಡಮ್ಮಾ? ದಿನ ಪೂರ್ತಿ ಹಿಂದೆ ತಿರುಗಿದ್ದೀಯ, ಅರ್ಧ ಬುಟ್ಟಿದ್ದೀಯ. ಬರಿ."

ಹೊಸ್ತಿಲ ಮೇಲೆ ಕೂತು ಬರೆದೆ. ಒಳಗೆ ಮಗ್ಗದ ಸದ್ದು ನಿಂತಿತ್ತು. ದೊಡ್ಡಪ್ಪನಿಗೆ ಎಲ್ಲವೂ ಕೇಳುತ್ತಿತ್ತು. ಅಮ್ಮ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡು, ಒಂದೊಂದೇ ತಮಿಳು ಅಕ್ಷರವನ್ನು ಒತ್ತಿ ಒತ್ತಿ ತನ್ನ ಹೆಸರು ಬರೆದಳು. ನಾನು ಓಡಿದೆ. ಬಸ್ಸು ಸಿಕ್ಕಿತು.

ಅದಾದ ಮೇಲೆ ದೊಡ್ಡಪ್ಪ ಮರಕ್ಕೆ ತಟ್ಟುವುದನ್ನು ಬಿಟ್ಟರು. ಕಂಡಿಕೆ ತೀರಿದರೆ ತಾವೇ ಗುಂಡಿಯಿಂದ ಎದ್ದು ಬಂದು ಬುಟ್ಟಿಯಿಂದ ತೆಗೆದುಕೊಂಡು ಹೋಗುತ್ತಿದ್ದರು. ಅದು ಕೋಪವೋ ಬೇರೇನೋ ನನಗೆ ಈಗಲೂ ಗೊತ್ತಿಲ್ಲ. ಕೇಳಿಲ್ಲ.

ಡಿಗ್ರಿ ಬಂತು. ನಮ್ಮ ವಂಶದಲ್ಲಿ ಮೊದಲನೆಯದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಪದವಿ ಪತ್ರ ಕೊಟ್ಟ ದಿನ ಅದನ್ನು ಮಡಿಸದೆ, ಬಸ್ಸಿನಲ್ಲಿ ಎದೆಗೆ ಹಿಡಿದು, ನಿಂತೇ ಬಂದೆ. ಮೊದಲು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಅದನ್ನು ಒಮ್ಮೆ ನೋಡಿ, ಎದ್ದು ಹೋಗಿ ದೊಡ್ಡಪ್ಪನ ಮುಂದೆ ಹಿಡಿದಳು. ಅವರು ಗಂಜಿಯ ಕೈ ತೊಳೆದು ಬಂದರು. ಟವೆಲಿನಲ್ಲಿ ಎರಡು ಸಲ ಒರೆಸಿಕೊಂಡು ಅಂಚುಗಳನ್ನು ಹಿಡಿದು, ತಮಿಳಿನ ಸಾಲುಗಳನ್ನು ಬೆರಳಿಟ್ಟು ಓದಿದರು. ಸಮೂಗವಿಯಲ್ ಎಂಬಲ್ಲಿ ಬೆರಳು ನಿಂತಿತು. ಮತ್ತೆ ಹಿಂದಕ್ಕೆ ಹೋಗಿ ನನ್ನ ಹೆಸರಿನ ಮುಂದಿದ್ದ ಅಪ್ಪನ ಇನಿಷಿಯಲ್ ಮೇಲೆ ನಿಂತಿತು.

"ಒಂದೇ ಎಳುತ್ತು ಐತಲ್ಲ ಅಮ್ಮಣಿ," ಎಂದರು ದೊಡ್ಡಪ್ಪ. "ನಿಮ್ಮಮ್ಮನದ್ದು ಬುಟ್ಬುಟ್ಟಿದ್ದಾರೆ. ಹೋಗಿ ನಿಮ್ಮ ಮೇಡಂಗೆ ಹೇಳು, ಇದನ್ನೂ ತಿದ್ದಲಿ."