ಗದ್ದುಗೆ ಏರಿದ ಲ್ಯಾಪ್‌ಟಾಪು

ನನ್ನ ಪುಟ್ಟ ಲ್ಯಾಪ್‌ಟಾಪಿನ ಪರದೆ ಒಡೆದದ್ದು ಒಂದು ಕುರಿಮರಿಯಿಂದ. ಜಗಲಿಯಲ್ಲಿ ತೆರೆದಿಟ್ಟು ನೀರು ಕುಡಿಯಲು ಒಳಗೆ ಹೋಗಿದ್ದೆ. ಬರುವಷ್ಟರಲ್ಲಿ ಮರಿ ಅದರ ಮೇಲೆ ನಿಂತು ನನ್ನನ್ನೇ ನೋಡುತ್ತಿತ್ತು. ಕುರಿ ಸಾಕುವ ಮನೆಗೆ ಸೊಸೆಯಾಗಿ ಬಂದ ಮೇಲೆ ಇಷ್ಟೂ ಆಗದಿದ್ದರೆ ಹೇಗೆ? ಹೊಸ ಪರದೆಯ ಗೋಜಿಗೆ ಹೋಗದೆ, ಅದನ್ನು ನಡುಮನೆಯ ಹಳೇ ಟಿವಿಗೆ ಕೇಬಲ್ ಹಾಕಿ ಜೋಡಿಸಿ, ಮುಚ್ಚಳ ಮುಚ್ಚಿಕೊಂಡೇ ಓಡಿಸುವುದನ್ನು ಕಲಿತೆ. ಮುಚ್ಚಿದರೂ ಆರಿಹೋಗದಂತೆ ಸೆಟ್ಟಿಂಗ್ ಬದಲಿಸಿ, ಒಂದು ಮೌಸ್ ಸಿಕ್ಕಿಸಿದರಾಯಿತು. ನಾನು ಟ್ಯೂಷನ್ ಹೇಳುವ ಮಕ್ಕಳಿಗೂ ಪಾಠ ದೊಡ್ಡದಾಗಿ ಕಾಣತೊಡಗಿತು.

ತೊಂದರೆ ಒಂದೇ, ಕಾವು. ಅದು ಅಡಿಯಿಂದ ಗಾಳಿ ಎಳೆದುಕೊಂಡು ಹಿಂಬದಿಯಿಂದ ಬಿಸಿ ಬಿಡುತ್ತದೆ. ಮುಚ್ಚಳ ತೆರೆದಿದ್ದರೆ ಕೀಲಿಗಳ ಸಂದಿಯಿಂದಲೂ ಒಂದಷ್ಟು ಶಾಖ ಹೋಗುತ್ತದೆ, ಮುಚ್ಚಿದರೆ ಆ ದಾರಿ ಬಂದ್. ಅದಕ್ಕೇ ಅದನ್ನು ಎರಡು ಮರದ ತುಂಡುಗಳ ಮೇಲೆ ಇಡುತ್ತಿದ್ದೆ. ಅಡಿಯಲ್ಲಿ ಬೆರಳು ತೂರುವಷ್ಟು ಜಾಗವಿದ್ದರೆ ಯಾವ ತಕರಾರೂ ಇರಲಿಲ್ಲ.

ನನ್ನ ನಾದಿನಿ ಕನಕಪುರದಲ್ಲಿ ಕಾಲೇಜು ಓದುತ್ತ ಕಬಡ್ಡಿಗೆ ಬಿದ್ದವಳು. ಮಾವನಿಗೆ ಅದು ಚೂರೂ ಹಿಡಿಸಿರಲಿಲ್ಲ. ಕೈಕಾಲು ಮುರಿದುಕೊಂಡರೆ ಯಾರು ನೋಡುತ್ತಾರೆ ಎಂಬ ಒಂದೇ ರಾಗ. ಮಗಳ ಆಟವನ್ನು ಒಂದು ಸಲವೂ ನೋಡದೆ ತೀರ್ಮಾನ ಮಾಡಿಬಿಟ್ಟಿದ್ದರು: ಅವಳು ಆಡಲು ಹೋಗಿದ್ದ ಹೊರರಾಜ್ಯದ ಪಂದ್ಯಾವಳಿ ಮುಗಿಸಿಕೊಂಡು ಬಂದರೆ ಆಟ ಅಲ್ಲಿಗೆ ನಿಲ್ಲಬೇಕು. ಫೈನಲ್‌ಗೆ ಬಂದ ದಿನ ಅವಳು ನನಗೆ ಫೋನ್ ಮಾಡಿದಳು. ಗೆಲ್ಲುವ ಮಾತು ಎತ್ತಲೇ ಇಲ್ಲ.

"ಅತ್ತಿಗೆ, ಅಪ್ಪ ಒಂದ್ಸಲ ನೋಡೋ ಹಂಗೆ ಮಾಡು, ಸಾಕು."

ಆಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪಂದ್ಯ ನೇರವಾಗಿ ಬರುವ ಚಾನೆಲ್ ಹುಡುಕಿದೆ, ಫೋನಿನಿಂದ ಇಂಟರ್‌ನೆಟ್ ಕೊಟ್ಟೆ, ಬೆಳಿಗ್ಗೆಯೇ ಒಮ್ಮೆ ಹಾಕಿ ನೋಡಿದೆ. ಎಲ್ಲಾ ಸರಿಯಿತ್ತು. ಇವತ್ತು ಮಗಳು ಟಿವಿಯಲ್ಲಿ ಬರುತ್ತಾಳೆ ಎಂದು ಮಾವನ ಕಿವಿಗೂ ಹಾಕಿದೆ. ಮಧ್ಯಾಹ್ನ ಅಡುಗೆಮನೆಯಿಂದ ಬಂದು ನೋಡುತ್ತೇನೆ, ಮೇಜಿನ ಮೇಲಿನ ಮರದ ತುಂಡುಗಳು ಮಾಯ. ಆ ಜಾಗದಲ್ಲಿ ಮಾವ ಕರಿಕಂಬಳಿಯನ್ನು ಮಡಿಸಿ ಹಾಸಿ, ವೀಳ್ಯದೆಲೆ ಅಡಿಕೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪನ್ನು ಕೂರಿಸಿದ್ದಾರೆ.

ನಮ್ಮಲ್ಲಿ ಒಳ್ಳೆಯ ಕೆಲಸ ಯಾವುದೇ ಇರಲಿ, ಕಂಬಳಿ ಹಾಸಿ ಗದ್ದುಗೆ ಹಾಕುತ್ತಾರೆ. ಹಾಕಿದ ಗದ್ದುಗೆಯನ್ನು ಕೆಲಸ ಮುಗಿಯುವ ತನಕ ಎತ್ತುವಂತಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು.

"ನನ್ ಮಗ್ಳು ಮನೆಗ್ ಬರೋದು ಇದ್ರೊಳಗಿಂದ ತಾನೆ? ಬರೀ ಕಟ್ಟಿಗೆ ಮ್ಯಾಲೆ ಕೂರುಸ್ತಾರೇನವ್ವಾ?"

ಕಬಡ್ಡಿ ಅಂದರೆ ಮುಖ ತಿರುಗಿಸುತ್ತಿದ್ದ ಮನುಷ್ಯ! ಉಣ್ಣೆಯ ಮೇಲಿಟ್ಟರೆ ಅದಕ್ಕೆ ಉಸಿರು ಕಟ್ಟುತ್ತದೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಒಂದು ಪಂದ್ಯ ತಾನೆ, ತಡೆದೀತು ಅಂದುಕೊಂಡು ಫ್ಯಾನನ್ನು ಅದರ ಕಡೆ ತಿರುಗಿಸಿದೆ.

ಪಂದ್ಯ ಶುರುವಾಯಿತು. ಅತ್ತೆ ನೆಲದಲ್ಲಿ ಕೂತರು, ಅಕ್ಕಪಕ್ಕದವರು ಬಾಗಿಲ ತನಕ ತುಂಬಿಕೊಂಡರು. ನಾದಿನಿ ಎದುರಾಳಿ ಅಂಗಳಕ್ಕೆ ನುಗ್ಗಿ, ಒಬ್ಬಳನ್ನು ಮುಟ್ಟಿ ಮೀನಿನ ಹಾಗೆ ಜಾರಿ ಬಂದಾಗ ನಾನು ಕಿರುಚಿದ ರಭಸಕ್ಕೆ ಕೊಟ್ಟಿಗೆಯ ಕುರಿಗಳೆಲ್ಲ ಅರಚಿಕೊಂಡವು. ಮಾವ ಮಾತ್ರ ಟಿವಿಯಿಂದ ಕಣ್ಣು ಕೀಳದೆ ಕೂತಿದ್ದರು. ಮತ್ತೊಂದು ಸಲ ನುಗ್ಗಿದಳು. ಈ ಬಾರಿ ಕಾಲು ಸಿಕ್ಕಿಬಿತ್ತು. ನಾಲ್ಕೈದು ಜನ ಅವಳ ಮೇಲೆ ಬಿದ್ದರು. ಅಷ್ಟರಲ್ಲಿ ಟಿವಿ ಕಪ್ಪಾಯಿತು.

ಮಾವ ಎದ್ದು ನಿಂತರು. ನಾನು ಲ್ಯಾಪ್‌ಟಾಪ್ ಮುಟ್ಟಿದರೆ ರೊಟ್ಟಿ ಹೆಂಚಿನ ಹಾಗೆ ಚುರ್ ಅಂದಿತು. ತಕ್ಷಣ ಫೋನಿನಲ್ಲೇ ಪಂದ್ಯ ಹಾಕಿದೆ, ಅವಳು ಎದ್ದು ಹೊರಗೆ ಕೂತಿದ್ದಳು. ಏನೂ ಆಗಿಲ್ಲ ಮಾವ ಎಂದು ಫೋನನ್ನು ಅವರ ಮುಖಕ್ಕೆ ಹಿಡಿದೆ. ಪೊರೆ ಬಂದ ಕಣ್ಣಿಗೆ ಅಷ್ಟು ಚಿಕ್ಕದು ಎಲ್ಲಿ ಕಾಣಬೇಕು?

"ನೀನ್ ನೋಡ್ದೆ ಕಣವ್ವಾ. ನಾನ್ ನೋಡ್ಬ್ಯಾಡ್ವಾ?" ಅಂದರು ಮಾವ.

ಯಾರೋ ಲ್ಯಾಪ್‌ಟಾಪನ್ನು ಒಸಿ ಫ್ರಿಜ್ಜಿನಲ್ಲಿಡು ಅಂದರು, ಇನ್ಯಾರೋ ಒದ್ದೆ ಬಟ್ಟೆ ಸುತ್ತು ಅಂದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಎಲ್ಲರನ್ನೂ ಸುಮ್ಮನಿರಿಸಿ, ಅದನ್ನು ಕೈಯಲ್ಲೇ ಫ್ಯಾನಿನ ಮುಂದೆ ಹಿಡಿದು ನಿಂತೆ. ಕಾವು ಇಳಿಯಿತು, ಆದರೆ ಮತ್ತೆ ಕಂಬಳಿಯ ಮೇಲಿಟ್ಟರೆ ಮತ್ತೆ ಅದೇ ಕಥೆ. ಕಂಬಳಿ ತೆಗೆಯುವ ಹಾಗಿಲ್ಲ. ಮಲಗಿಸಿದರೆ ತಾನೆ ತೊಂದರೆ, ನಿಲ್ಲಿಸಿದರೆ? ಅಡುಗೆಮನೆಗೆ ಓಡಿದೆ. ಸ್ಟೀಲಿನ ತಟ್ಟೆ ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳನ್ನೆಲ್ಲ ಕಟ್ಟೆಯ ಮೇಲೆ ಸುರಿದೆ. ತೊಳೆದಿಟ್ಟದ್ದೆಲ್ಲ ಹಾಳು ಎಂದು ಅತ್ತೆ ಹಿಂದೆಯೇ ಗೊಣಗಿಕೊಂಡು ಬಂದರು. ಸ್ಟ್ಯಾಂಡನ್ನು ಗದ್ದುಗೆಯ ಮೇಲಿಟ್ಟು, ಬಿಸಿ ಬಿಡುವ ಬದಿಯನ್ನು ಮೇಲಕ್ಕೆ ಮಾಡಿ, ಲ್ಯಾಪ್‌ಟಾಪನ್ನು ತಟ್ಟೆಯಂತೆಯೇ ನೆಟ್ಟಗೆ ನಿಲ್ಲಿಸಿದೆ. ಎರಡು ಮಗ್ಗುಲಿಗೂ ಗಾಳಿ. ಗದ್ದುಗೆಯೂ ಕದಲಲಿಲ್ಲ.

ಮತ್ತೆ ಆನ್ ಮಾಡಿದೆ, ಟಿವಿ ಬೆಳಗಿತು. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡ ನಾದಿನಿ ಮತ್ತೆ ಅಂಗಳಕ್ಕೆ ಇಳಿಯುತ್ತಿದ್ದಳು. ಮಾವ ಟಿವಿಯ ಹತ್ತಿರ ಹೋಗಿ ಅವಳ ಕಾಲನ್ನೇ ನೋಡಿದರು. ಆಮೇಲೆ ಕಾಲು ಮರೆತು ಆಟ ನೋಡಿದರು. ಕೊನೆಕೊನೆಗೆ "ಗೆರೆ ಮುಟ್ಟು, ಗೆರೆ ಮುಟ್ಟು" ಎಂದು ತೊಡೆ ತಟ್ಟುತ್ತಿದ್ದವರು ಅವರೇ. ನನಗಂತೂ ಕುಣಿಯುವುದೊಂದು ಬಾಕಿ. ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ನೋಡಿದೆ, ಉಗುರು ಬೆಚ್ಚಗಿತ್ತು ಅಷ್ಟೇ.

ಒಂದು ಅಂಕದಿಂದ ಸೋತರು. ಅಕ್ಕಪಕ್ಕದವರು ಲೊಚಗುಟ್ಟಿಕೊಂಡು ಎದ್ದು ಹೋದರು. ಇನ್ನು ನಾದಿನಿಯ ಆಟ ನಿಂತ ಹಾಗೆಯೇ ಅಂದುಕೊಂಡೆ. ಲ್ಯಾಪ್‌ಟಾಪ್ ಆರಿಸಿ, ಸ್ಟ್ಯಾಂಡ್ ಪಕ್ಕಕ್ಕಿಟ್ಟು, ಕಂಬಳಿ ಮಡಿಸಲು ಅಂಚು ಹಿಡಿದೆ. ಮಾವ ಅದರ ಮೇಲೆ ಕೈಯಿಟ್ಟರು.

"ಎತ್ತಬ್ಯಾಡ ಕಣವ್ವಾ. ಕೆಲ್ಸ ಇನ್ನೂ ಎಲ್ ಮುಗೀತು?"

ನಾದಿನಿಗೆ ಫೋನ್ ಮಾಡಿದೆ. ಸೋತೆವು ಅತ್ತಿಗೆ ಎಂದು ಅವಳು ಶುರುಮಾಡುವ ಮೊದಲೇ, ಅಪ್ಪ ಗದ್ದುಗೆ ಎತ್ತಲು ಬಿಡಲಿಲ್ಲ ಎಂದೆ. ಅವಳೂ ಇದೇ ಮನೆಯ ಮಗಳು, ಬಿಡಿಸಿ ಹೇಳಬೇಕಾಗಲಿಲ್ಲ. ಆ ಕಡೆಯಿಂದ ಅಳು ಕೇಳಿಸಿತು.