ಒಲೆಬಾಯಿಗೆ ಹೋದ ಗೋಡೆಗಲ್ಲು

ಬೆಟ್ಟದಪುರದ ವಿರೂಪಾಕ್ಷ ಕಾಲಿಗೆ ಚಕ್ರ ಕಟ್ಟಿಕೊಂಡವನು ಅಂತ ಅವನ ಹೆಂಡತಿ ಸುಂದ್ರಮ್ಮ ಮದುವೆಯಾದ ವಾರದಲ್ಲೇ ಕಂಡುಕೊಂಡಿದ್ದಳು. ಊಟಕ್ಕೆ ಕೂತವನು ಸಾರು ಬಡಿಸುವಷ್ಟರಲ್ಲಿ ಎದ್ದು ಎತ್ತು ನೋಡಿ ಬರುತ್ತಿದ್ದ. ಮನೆಯೂ ಅದಕ್ಕೆ ತಕ್ಕಂತಿತ್ತು. ಮುತ್ತಾತ ಕಟ್ಟಿಸಿದ ಕಲ್ಲುಮನೆ. ಒಂದೇ ಸೂರಿನಡಿ ಈ ಕಡೆ ಅಡುಗೆ, ಆ ಕಡೆ ಕೊಟ್ಟಿಗೆ. ಗೋಡೆಯೋ ಎರಡು ಮೊಳ ದಪ್ಪ. ಬೇಸಿಗೆಯಲ್ಲೂ ಬೆನ್ನು ಕೊಟ್ಟರೆ ತಣ್ಣಗೆ.

ಆ ಗೋಡೆಗೇ ಅವನು ಕೈ ಹಾಕಿದ.

ಹೊಗೆಸೊಪ್ಪು ಬೇಯಿಸುವ ಕಾಲ. ಹಿತ್ತಲಲ್ಲಿ ಸೊಪ್ಪು ಬೇಯಿಸುವ ಒಲೆಮನೆ, ಆ ಬ್ಯಾರನ್ನಿಗೆ ಸೊಪ್ಪು ಏರಿಸಿದ ಮೇಲೆ ನೋಡಿದರೆ, ಒಲೆಬಾಯಿಯ ಮೇಲಿನ ಚಪ್ಪಡಿ ಬಿರುಕು ಬಿಟ್ಟಿದೆ. ಹೊಸ ಕಲ್ಲು ನಾಳೆ ಬರುತ್ತದೆ ಅಂದರು. ವಿರೂಪಾಕ್ಷನಿಗೆ ನಾಳೆ ಎಂಬುದು ಎಂದೂ ಆಗಿಬಂದಿಲ್ಲ. ಒಲೆ ಸರಿಮಾಡಲು ಬಂದ ಮಂಚಯ್ಯನಿಗೆ ಮನೆಗೋಡೆ ತೋರಿಸಿದ.

"ಅಲ್ನೋಡು, ಮೂತಿ ಈಚೆಗಿಟ್ಕೊಂಡ್ ನಿಂತದಲ್ಲ ಆ ಕಲ್ಲು. ನಮ್ ಮುತ್ತಾತ ಬುತ್ತಿ ತಗಲಾಕಕ್ಕೆ ಬುಟ್ಟಿರ್ಬೇಕು. ಕಿತ್ಕೋ."

"ಉದ್ದಾಗದೆ ಕಣಣ್ಣೋ, ಸರಿಯಾಗಿ ಕೂರ್ತದೆ."

ಇಬ್ಬರೂ ಹಾರೆ ಹಾಕಿ ಎಳೆದು ಒಲೆಬಾಯಿಯ ಮೇಲೆ ಕೂರಿಸಿದರು. ಒಲೆ ಹತ್ತಿತು.

ಸೊಪ್ಪು ಹಳದಿಗೆ ತಿರುಗುವಷ್ಟರಲ್ಲಿ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಮಂಚಯ್ಯ ತೂತಿನೊಳಗೆ ಕೈ ತೂರಿಸಿ ತಡವಿದ. ಮುಖ ಸಪ್ಪಗಾಯಿತು. ಒಳಮೈಗೊಂದು ಕಲ್ಲಿನ ಸಾಲು, ಹೊರಮೈಗೊಂದು, ನಡುವೆ ಬರೀ ಮಣ್ಣು. ಎರಡನ್ನೂ ಸೇರಿಸಿ ಹಿಡಿದಿದ್ದದ್ದು ಆ ಉದ್ದಗಲ್ಲು.

"ಇಬ್ರೂ ಕುರುಡ್ರಾಗ್ಬುಟ್ವಲ್ಲ! ಅದ್ನೇ ವಾಪಸ್ ಕೂರಿಸ್ಬೇಕು ಕಣಣ್ಣೋ, ಬ್ಯಾರೆದು ಕೂರಾಕಿಲ್ಲ."

ಬೆಟ್ಟದ ಮೇಲೆ ಮೋಡ ಕವಿದಿತ್ತು. ತೂತಿನಲ್ಲಿ ನೀರು ಇಳಿದರೆ ಮಣ್ಣು ಕರಗಿ ಗೋಡೆ ಕೊಟ್ಟಿಗೆಯ ಮೇಲೆ ಕೂರುತ್ತದೆ. ಕಲ್ಲು ತೆಗೆಯಲು ಒಲೆ ಆರಿಸಿದರೆ ಅರೆಬೆಂದ ಸೊಪ್ಪು ಕಪ್ಪಾಗುತ್ತದೆ. ವಿರೂಪಾಕ್ಷ ಗೋಡೆಗೂ ಬ್ಯಾರನ್ನಿಗೂ ಓಡಾಡಿದ. ಅಲ್ಲಿ ತೆಂಗಿನ ಬೊಡ್ಡೆ ಆನಿಸಿದ, ಇಲ್ಲಿ ಸೌದೆ ತುಂಬಿದ.

ಸುಂದ್ರಮ್ಮ ಎತ್ತುಗಳನ್ನು ಬಿಚ್ಚಿ ಹೊರಗೆ ಕಟ್ಟಿದಳು. "ಸೊಪ್ಪು ಮುಂದಿನ್ ವರ್ಸ ಬೆಳೀಬೌದು ಕಣ್ರೀ. ಗೋಡೆನೂ ಬಿತ್ತಿ ಬೆಳೀತೀರಾ?"

ಅವನು ಸೌದೆ ಹೊರಗೆಳೆದ. ಕಲ್ಲು ಕಾದು ಮುಟ್ಟುವ ಹಾಗಿರಲಿಲ್ಲ. ಬಿಂದಿಗೆ ನೀರು ಎತ್ತಿದ.

"ಉಯ್ಯಬ್ಯಾಡಿ! ಎರಡ್ ಓಳಾಯ್ತದೆ!" ಮಂಚಯ್ಯ ಬಿಂದಿಗೆ ಕಿತ್ತುಕೊಂಡ.

"ಮತ್ತೇನ್ಲಾ ಮಾಡ್ಲಿ?"

"ಆರೋಗಂಟ ಕೂತ್ಕೊಳ್ಳಿ."

"ಈ ವಯಸ್ನಲ್ಲಿ ಅದೊಂದ್ ಕಲೀಬೇಕು ಈವಯ್ಯ," ಅಂದಳು ಸುಂದ್ರಮ್ಮ.

ಕೂತ. ಎದ್ದ. ಮತ್ತೆ ಕೂತ. ಗುಡುಗಿದಾಗ ಕೈ ಬಿಂದಿಗೆಯತ್ತ ಹೋಗಿ ವಾಪಸ್ ಬಂತು. ಬ್ಯಾರನ್ನಿನಿಂದ ಸೊಪ್ಪು ಕೆಟ್ಟ ವಾಸನೆ ಬರತೊಡಗಿದರೂ ಎದ್ದು ನೋಡಲಿಲ್ಲ. ಕಲ್ಲಿನ ಹತ್ತಿರ ಅಂಗೈ ಹಿಡಿದು ಕೂತೇ ಇದ್ದ. ಗೋಣಿ ಸುತ್ತಿ ಹಿಡಿಯುವಷ್ಟು ಆರಿದ ಕೂಡಲೇ ಇಬ್ಬರೂ ಎತ್ತಿ ತಂದು ಗೋಡೆಯ ತೂತಿಗೆ ತೂರಿಸಿದರು. ಮಂಚಯ್ಯ ಸಂದಿಗೆ ಚಕ್ಕೆ ಬಡಿದು, ಮಣ್ಣು ಮೆತ್ತಿ, ಟಾರ್ಪಾಲು ಹೊದಿಸುವಾಗ ಮಳೆ ಸುರಿಯಿತು.

ಸೊಪ್ಪು ಹೋಯಿತು. ಗೋಡೆ ಉಬ್ಬಿದ ಹಾಗೇ ನಿಂತಿತು.

ಸುಂದ್ರಮ್ಮ ಒದ್ದೆ ಸೆರಗು ಹಿಂಡಿ, ಒಳಗಿನಿಂದ ಆ ಕಲ್ಲಿಗೆ ಬೆನ್ನು ಕೊಟ್ಟಳು. "ಇನ್ನೂ ಬೆಚ್ಚಗದೆ. ಬನ್ರೀ."

ವಿರೂಪಾಕ್ಷ ಪಕ್ಕದಲ್ಲಿ ಕೂತ. ಹಿತ್ತಲಲ್ಲಿ ಬ್ಯಾರನ್ನಿನ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು.

"ಅದೊಂದ್ ಆಕ್ಬುಟ್ ಬತ್ತೀನಿ ತಡಿ," ಅಂತ ಎದ್ದ.